ಗೋಡೆಗೆ ತಿರುಗಿದ ಮಗ್ಗುಲು

ದಂಡೆಗೆ ಇಳಿಯುವ ಮೊದಲೇ ಲಗಮಣ್ಣ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದ. ಯಾಕೆ ಕಳಚಿದನೆಂದು ಅವನಿಗೇ ತಕ್ಷಣ ಹೊಳೆಯಲಿಲ್ಲ, ಕಾಲು ತಾನಾಗಿ ನಿಂತುಬಿಟ್ಟಿತ್ತು. ಎದುರಿಗೆ, ಬಂದರಿನ ಜೆಟ್ಟಿಯ ಗೋಡೆಯಿಂದ ಹಿಡಿದು ಆಚೆಯ ಕರಿಗುಡ್ಡದ ಬುಡದ ತನಕ ಬರೀ ಕಲ್ಲು. ಉಸುಕಿಲ್ಲ, ಮಣ್ಣಿಲ್ಲ, ಒಂದು ಹುಲ್ಲುಕಡ್ಡಿಯಿಲ್ಲ. ಅವನ ಊರು ತಿಕೋಂಡಿಯಲ್ಲೂ ಕಲ್ಲಿಗೇನು ಕೊರತೆಯಿಲ್ಲ, ಹೊಲ ಹರಗಿದರೆ ಜೋಳಕ್ಕಿಂತ ಮೊದಲು ಕಲ್ಲೇ ಏಳುತ್ತದೆ. ಆದರೆ ಅವು ಮೂಲೆಮೂಲೆಯ ಕಲ್ಲು, ಕುಂಟೆಗೆ ಸಿಕ್ಕು ಬೈಸಿಕೊಳ್ಳುವ ಕಲ್ಲು. ಇವು ಹಾಗಲ್ಲ. ಇವು ದುಂಡಗಿದ್ದವು. ಕೋಳಿಮೊಟ್ಟೆಯಷ್ಟು, ತೆಂಗಿನಕಾಯಿಯಷ್ಟು, ಎಳೆಯ ಕುರಿಮರಿಯ ತಲೆಯಷ್ಟು, ಒಂದಕ್ಕೂ ಮೂಲೆಯಿಲ್ಲದೆ, ಈಗ ತಾನೇ ನೀರಿನಿಂದ ಎದ್ದು ಬಂದು ಕುಳಿತಂತೆ ಕರ್ರಗೆ ಹೊಳೆಯುತ್ತ, ಕಣ್ಣು ಹೋದಷ್ಟು ದೂರ. ಅವನ ಮನೆಯ ಜಗಲಿಯ ಮೇಲೆ ಇಂಥದ್ದು ಒಂದೇ ಒಂದು ಇತ್ತು. ಅದನ್ನು ಬೀರಪ್ಪ ಅನ್ನುತ್ತಿದ್ದರು, ದಿನಾ ಅದಕ್ಕೆ ಭಂಡಾರದ ಅರಿಷಿಣ ಹಚ್ಚುತ್ತಿದ್ದರು, ಅದಕ್ಕೆ ಕೈ ಮುಗಿಯದೆ ಮನೆಯಲ್ಲಿ ಯಾರೂ ತುತ್ತು ಎತ್ತುತ್ತಿರಲಿಲ್ಲ. ಇಲ್ಲಿ ಲಕ್ಷಗಟ್ಟಲೆ ಬಿದ್ದಿದ್ದವು. ಚಪ್ಪಲಿ ಮೆಟ್ಟಿಕೊಂಡು ಇವುಗಳ ಮೇಲೆ ಹ್ಯಾಗೆ ನಡೆಯುವುದು?

"ದೊಡಪ್ಪಾ, ಚಪ್ಪಲಿ ಹಾಕ್ಕೋರಿ," ಹಿಂದಿನಿಂದ ಶೀತಲ ಕೂಗಿದಳು. "ಇನ್ನೊಂದು ತಾಸಿನ್ಯಾಗ ಈ ಕಲ್ಲು ಕಾದು ಹಂಚ ಆಗ್ತಾವ. ನಿಮ್ಮ ಅಂಗಾಲ ರೊಟ್ಟಿ ಆದಾವು."

"ಆಗಲಿ ಬಿಡು," ಅಂದ ಲಗಮಣ್ಣ, ತಿರುಗಿ ನೋಡದೆ.

ಶೀತಲ ಅವನ ತಮ್ಮ ಬೀರುವಿನ ಮಗಳು, ಸರ್ಕಾರಿ ಎಸ್‌ಟಿ ಬಸ್ಸಿನ ಕಂಡಕ್ಟರ್. ಕೊಂಕಣದ ಈ ಕಡೆಯ ಡಿಪೋಕ್ಕೆ ಬಂದು ಒಂದೂವರೆ ವರ್ಷವಾಗಿತ್ತು. ಒಮ್ಮೆ ಬಂದು ಸಮುದ್ರ ನೋಡಿ ಹೋಗ್ರಿ, ಒಮ್ಮೆ ಬಂದು ಸಮುದ್ರ ನೋಡಿ ಹೋಗ್ರಿ ಅಂತ ಫೋನಿನಲ್ಲಿ ಎಷ್ಟು ಸಲ ಅಂದಿದ್ದಳೋ. ನಿನ್ನೆ ಅಣ್ಣತಮ್ಮ ಇಬ್ಬರೂ ಬಂದು ಅವಳ ಬಾಡಿಗೆ ಖೋಲಿಯಲ್ಲಿ ಮಲಗಿದ್ದರು. ಇವತ್ತು ಬೆಳಗ್ಗೆ ಅವಳದೇ ಬಸ್ಸಿನಲ್ಲಿ ಈ ಬಂದರಿಗೆ ಬಂದಿಳಿದಿದ್ದರು. ಬಸ್ಸು ಬೋಟಿನ ಮೇಲೆ ಹತ್ತಿ ಖಾಡಿಯ ಉಪ್ಪುನೀರಿನ ಆಚೆ ದಡಕ್ಕೆ ಹೋಗುತ್ತದಂತೆ, ಆಚೆಯ ಊರುಗಳನ್ನು ಸುತ್ತಿ ಎರಡು ಗಂಟೆಗೆ ಮರಳಿ ಬರುತ್ತದಂತೆ. ಬಸ್ಸು ಬೋಟು ಹತ್ತುತ್ತದೆ ಅಂದಾಗ ಲಗಮಣ್ಣ ಹುಡುಗಿ ತನ್ನನ್ನು ಹಾಸ್ಯ ಮಾಡುತ್ತಿದ್ದಾಳೆ ಎಂದುಕೊಂಡು ಮೋರೆ ಗಂಟು ಹಾಕಿದ್ದ. ಆಮೇಲೆ ತನ್ನ ಕಣ್ಣಿಂದಲೇ ನೋಡಿದ. ಮನೆಯಷ್ಟು ದೊಡ್ಡ ಕಬ್ಬಿಣ, ಆಚೆ ದಡದಿಂದ ಹೊಗೆ ಬಿಡುತ್ತ ಬಂದು, ಸಿಮೆಂಟಿನ ಇಳಿಜಾರಿಗೆ ಮೂತಿ ಒರಗಿಸಿ, ಸರಪಳಿ ಗರಗರ ಬಿಟ್ಟು ಬಾಯಿ ತೆರೆಯಿತು. ಬಾಯೊಳಗಿಂದ ಒಂದು ಚಿರೆಕಲ್ಲಿನ ಲಾರಿ ಇಳಿಯಿತು, ಮೂರು ಜೀಪು ಇಳಿದವು, ಮೀನಿನ ಬುಟ್ಟಿ ಹೊತ್ತ ಹೆಂಗಸರು ಇಳಿದರು, ಒಂದು ಎತ್ತು ಇಳಿಯಿತು. ಇಷ್ಟು ಹೊಟ್ಟೆಯಲ್ಲಿಟ್ಟುಕೊಂಡು ಅದು ಮುಳುಗಿರಲಿಲ್ಲ. ನೀರು, ಅಂಗೈಯಲ್ಲಿ ನಿಲ್ಲದ ನೀರು, ಅದನ್ನು ಹೊತ್ತಿತ್ತು. ಲಗಮಣ್ಣನಿಗೆ ಇನ್ನೂ ಹತ್ತಿರ ಹೋಗಿ ಅದರ ಬಾಯೊಳಗೆ ಇಣುಕಬೇಕೆನಿಸಿತು. ಹೋದ. ಬೋಟಿನವನೊಬ್ಬ, "ಓ ಮಾಮಾ, ಮಾಗೆ ಸರಾ," ಹಿಂದೆ ಸರಿ ಅಂತ ಚೀರಿ, ಭುಜ ಹಿಡಿದು ದಬ್ಬಿದ. ಲಗಮಣ್ಣನ ಸಿಟ್ಟು ಎಂದಿನಂತೆ ಅಂಗಾಲಿನಿಂದ ಭುಗಿಲ್ಲೆಂದು ಎದ್ದಿತು. "ಕೈ ತಗಿ. ನಿಮ್ಮಪ್ಪನ ಹಡಗೇನಲೇ ಇದು," ಅಂದ, ಕನ್ನಡದಲ್ಲಿ. ಮರಾಠಿ ಅವನಿಗೆ ನೀರು ಕುಡಿದಷ್ಟು ಸಲೀಸು, ಆದರೆ ಸಿಟ್ಟು ಬಂದಾಗ ಬಾಯಿಗೆ ಬರುವುದು ಕನ್ನಡವೇ. ಸುತ್ತಲಿನ ಯಾರಿಗೂ ಅರ್ಥವಾಗಲಿಲ್ಲ. ಬೋಟಿನವ ಆಗಲೇ ಬೇರೆ ಯಾರನ್ನೋ ದಬ್ಬುತ್ತಿದ್ದ. ತನ್ನ ಸಿಟ್ಟು ಯಾರಿಗೂ ತಗಲದೆ ನೆಲಕ್ಕೆ ಬಿದ್ದದ್ದು ಲಗಮಣ್ಣನಿಗೆ ಐವತ್ತೆರಡು ವರ್ಷದಲ್ಲಿ ಅದೇ ಮೊದಲು. ಊರಿನಲ್ಲಾದರೆ ಅದು ತಗಲುತ್ತಿತ್ತು. ಊರಿನಲ್ಲಿ ಅದು ಯಾವಾಗಲೂ ಯಾರಿಗಾದರೂ ತಗಲಿಯೇ ತಗಲುತ್ತಿತ್ತು.

ಈಗ ಕಲ್ಲುಗಳ ಮೇಲೆ ಮೊದಲ ಹೆಜ್ಜೆ ಇಟ್ಟ. ಅವು ಒಂದರ ಮೇಲೊಂದು ಜಾರಿ, ಕಟಕಟ ಅಂದು, ಅವನ ಭಾರವನ್ನು ತೂಗಿ ನೋಡಿ, ನಿಂತವು. ಹೆಗಲ ಚೀಲವನ್ನು ಎದೆಗೆ ಎಳೆದುಕೊಂಡ. ಚೀಲದಲ್ಲಿ ಮೇಲೆ ಹೆಂಡತಿ ಚನ್ನವ್ವ ಕಟ್ಟಿಕೊಟ್ಟ ಸಜ್ಜಿರೊಟ್ಟಿಯ ಗಂಟು, ಅದರ ಕೆಳಗೆ ಟವೆಲ್ಲು, ಅದರ ಕೆಳಗೆ ಹಳೆಯ ಕಂಬಳಿಯ ತುಂಡಿನಲ್ಲಿ ಸುತ್ತಿದ್ದ ಜಗಲಿಯ ದೇವರು. ನಿನ್ನೆ ಅವಳು ದೊಡ್ಡಿಯಲ್ಲಿ ಮರಿಗಳಿಗೆ ಹಾಲು ಕುಡಿಸುವ ಹೊತ್ತು ನೋಡಿ ಅದನ್ನು ಎತ್ತಿದ್ದ. ಅದರ ಜಾಗದಲ್ಲಿ ಹಿತ್ತಲಿನ ಒಂದು ಕಲ್ಲನ್ನಿಟ್ಟು, ಗುರುತು ಸಿಗದಷ್ಟು ಭಂಡಾರ ಸುರಿದಿದ್ದ. ಕಳ್ಳತನ ತನ್ನ ಮನೆಯಲ್ಲೇ ಮಾಡಿದ್ದರಿಂದ ಕೈ ಇನ್ನೂ ತಣ್ಣಗಾಗಿರಲಿಲ್ಲ. ಅಮೋಗಸಿದ್ದ ಅನ್ನುವ ಅಜ್ಜ ಹೊಳೆಯಲ್ಲಿ ಕುರಿ ಮೈ ತೊಳೆಯುವಾಗ ನೀರಿನೊಳಗೆ ಮೂರು ಸಲ ತಾನಾಗಿ ಕಾಲಿಗೆ ಬಂದು ತಾಗಿದ ಕಲ್ಲು ಅದು. ಹಾಗೆ ತಾನಾಗಿ ಬರಬೇಕು, ಆರಿಸಿಕೊಳ್ಳಬಾರದು. ಬಂದ ಮೇಲೆ ಅದು ಹಿರಿಯ ಮಗನ ಮನೆಯಲ್ಲಿ ಇರಬೇಕು. ಹೊಲ ಹಂಚಬಹುದು, ಕುರಿ ಹಂಚಬಹುದು, ದೇವರನ್ನು ಹಂಚುವ ಹಾಗಿಲ್ಲ. ಕಿರಿಯರು ಹಬ್ಬಕ್ಕೆ ಹಿರಿಯನ ಹೊಸ್ತಿಲಿಗೆ ಬರಬೇಕು. ಮತ್ತೆ, ಅದು ಮುಕ್ಕಾಗಬಾರದು. ಮುಕ್ಕಾದರೆ ಅದು ಭಿನ್ನ. ಭಿನ್ನ ದೇವರಿಗೆ ಪೂಜೆಯಿಲ್ಲ. ಅದನ್ನು ನೀರಿಗೆ ಬಿಡಬೇಕು. ಬಿಡುವ ಮೊದಲು ಮುಕ್ಕು ಮಾಡಿದವನು ಮನೆಯವರೊಬ್ಬರ ಎದುರಿಗೆ ನಿಂತು, ಹೇಗಾಯಿತೆಂದು ತನ್ನ ಬಾಯಿಂದ ದೇವರಿಗೆ ಹೇಳಬೇಕು. ಲಗಮಣ್ಣ ಆರು ವರ್ಷದಿಂದ ಹೇಳಿರಲಿಲ್ಲ. ಮುಕ್ಕಾದ ಮಗ್ಗುಲನ್ನು ಗೋಡೆಗೆ ತಿರುಗಿಸಿ ಇಟ್ಟಿದ್ದ. ಅಷ್ಟೇ. ಅವ್ವ ಯಮನವ್ವ, ಕಣ್ಣು ಮಬ್ಬಾದ ಮುದುಕಿ, ದಿನಾ ಬೆಳಗ್ಗೆ ಆ ಒಳ್ಳೆಯ ಮಗ್ಗುಲಿಗೆ ಭಂಡಾರ ಹಚ್ಚಿ, ಕಲ್ಲನ್ನು ಮುಟ್ಟಿದ ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಿದ್ದಳು. ಪ್ರತಿ ಸಲವೂ ಲಗಮಣ್ಣ ಎದ್ದು ಹೊರಗೆ ಹೋಗುತ್ತಿದ್ದ.

"ಯಪ್ಪಾ, ಹಗೂರ್ಕ," ಹಿಂದೆ ಶೀತಲಳ ದನಿ. "ಗೋಡಿ ಹಿಡಕೊ. ಆವತ್ತ ಗಾಡಿ ಮ್ಯಾಲ ಇಷ್ಟು ನೋಡ್ಕೊಂಡ್ ಹೋಗಿದ್ದರ ಇವತ್ತ ಓಡ್ಯಾಡ್ತಿದ್ದಿ."

ಬೀರು ಬರುತ್ತಿದ್ದ. ಬಲಗಾಲನ್ನು ಮಡಚದೆ, ಅದನ್ನೊಂದು ಕೋಲಿನಂತೆ ಮುಂದೆ ಇಟ್ಟು, ಅದರ ಸುತ್ತ ತನ್ನ ಮೈಯನ್ನು ತಿರುಗಿಸಿಕೊಂಡು. ಅವಳ ಬಸ್ಸಿನ ಡ್ರೈವರ್ ವಿಠೋಬ, ಜೆಟ್ಟಿಯ ಕಟ್ಟೆಯ ಮೇಲೆ ಕೂತು ಬೀಡಿ ಸೇದುತ್ತಿದ್ದವ, ಮರಾಠಿಯಲ್ಲಿ ಏನಾಯಿತು ಕಾಕಾನ ಕಾಲಿಗೆ ಅಂದ. ಶೀತಲ ನಗುತ್ತ, ಏರಿಸಿಕೊಂಡು ಗಾಡಿ ಹೊಡೆದರೆ ಏನಾಗುತ್ತದೋ ಅದೇ ಆಯಿತು ಅಂದಳು. ವಿಠೋಬ ದೊಡ್ಡದಾಗಿ ನಕ್ಕ. ಹಾಗಾದರೆ ಕಾಕಾನಿಗೆ ನಮ್ಮ ಕಡೆಯ ಗೋಡಂಬಿ ಹಣ್ಣಿನ ಸರಕು ತೋರಿಸಲೇಬೇಡ, ಇನ್ನೊಂದು ಕಾಲೂ ಹೋದೀತು ಅಂದ. ಬೀರುವೂ ನಕ್ಕ. ಅವನು ಯಾವಾಗಲೂ ನಗುತ್ತಿದ್ದ. ಹೆಂಡವನ್ನು ಹುಟ್ಟಿದಾಗಿನಿಂದ ನಾಲಿಗೆಗೆ ಹಚ್ಚದ ಮನುಷ್ಯ, ಆರು ವರ್ಷದಿಂದ ಊರಿಗೆಲ್ಲ ಕುಡಿದು ಬಿದ್ದ ಬೀರುವಾಗಿದ್ದ, ಮಗಳಿಗೂ.  ಲಗಮಣ್ಣನಿಗೆ ಡ್ರೈವರನ ಕಡೆ ನಾಲ್ಕು ಹೆಜ್ಜೆ ಹೋಗಿ ಅವನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ಹಿಡಿದು ಏನು ಹೇಳುವುದು? ನೀರಿನ ಕಡೆಗೆ ತಿರುಗಿ ಬಿರಬಿರನೆ ನಡೆದ.

ಆರು ವರ್ಷದ ಹಿಂದೆ, ಗೃಹಶಾಂತಿಯ ಹಿಂದಿನ ದಿನ. ಬೀರು ಹೊಸ ಮನೆ ಕಟ್ಟಿಸಿದ್ದ, ತಗಡಿನ ಪತ್ರಾಸಿನ ಚಾವಣಿಯದ್ದು, ಎರಡು ಖೋಲಿ. ಬಂದು ಹೊಸ್ತಿಲಲ್ಲಿ ಕೂತು, "ಯಣ್ಣಾ, ಒಂದ ದಿನ, ಒಂದ ದಿನ ದೇವರನ್ನ ನಮ್ಮನಿಗಿ ಕಳಸು. ಮುಂಜಾನೆ ಒಯ್ತೀನಿ, ಸಂಜಿಕ ತರ್ತೀನಿ," ಅಂದ. ದೇವರು ಹಿರಿಯನ ಹೊಸ್ತಿಲು ದಾಟುವುದಿಲ್ಲ ಅಂದ ಲಗಮಣ್ಣ. ಹೊಳಿಯಿಂದ ಇಲ್ಲೀತನಕ ದಾಟಿ ಬಂದೈತಲ್ಲ ಅಂದ ಬೀರು, ನಗುತ್ತಲೇ. ಆ ನಗೆ. ಆ ಮಾತಿಗಿಂತ ಆ ನಗೆ. ಲಗಮಣ್ಣನಿಗೆ ಆಮೇಲಿನದು ನೆನಪಿಲ್ಲ ಅಂದರೆ ಸುಳ್ಳಾಗುತ್ತದೆ; ಎಲ್ಲ ನೆನಪಿದೆ. ಜಗಲಿಯಿಂದ ಅದನ್ನು ಎತ್ತಿದಾಗ ಅದು ತಣ್ಣಗಿತ್ತು, ಅಂಗೈ ತುಂಬ ಭಂಡಾರ ಹತ್ತಿತು. "ತಗೊ, ಒಯ್ಯಿ," ಅಂದು ಬೀಸಿ ಒಗೆದ. ಅದು ಬೀರುವಿನ ಬಲಮೊಣಕಾಲಿಗೆ ಬಿದ್ದು, ಅಲ್ಲಿಂದ ಹೊಸ್ತಿಲಿಗೆ ಬಿದ್ದು, ಟಣ್ ಎಂದಿತು. ಎಲುಬಿನ ಸದ್ದು ಯಾವುದು, ಕಲ್ಲಿನ ಸದ್ದು ಯಾವುದು ಅಂತ ಇವತ್ತಿಗೂ ಅವನು ಬೇರೆ ಮಾಡಲಾರ. ನೆಲಕ್ಕೆ ಕುಸಿದ ಬೀರು ಮೊದಲು ಆಡಿದ ಮಾತು, "ಯಣ್ಣಾ, ದೇವರು ನೋಡು. ಒಡದೀತು." ಒಡೆದಿತ್ತು. ಹುಣಸೆಬೀಜದಷ್ಟಲ್ಲ, ಅರ್ಧ ಅಡಕೆಯಷ್ಟಲ್ಲ, ನಾಲ್ಕು ಬೆರಳು ಅಗಲದ ಚಕ್ಕೆ ಹಾರಿ, ಒಳಗಿನ ಬೂದುಬಣ್ಣ ಕಾಣುತ್ತಿತ್ತು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಇಬ್ಬರೂ ಅದನ್ನೇ ನೋಡಿದರು. ಆಮೇಲೆ ಬೀರು, ಹಲ್ಲು ಕಚ್ಚಿಕೊಂಡು, "ಗಾಡಿ ಸ್ಲಿಪ್ ಆತು ಅಂತೀನಿ. ನೀ ಅದನ್ನ ಅತ್ಲಾಗ ತಿರುಗಿಸಿ ಇಡು," ಅಂದ. ಮಿರಜಿನ ದವಾಖಾನೆಯಲ್ಲೂ ಹಾಗೇ ಬರೆಸಿದ. ಕುಡಿದಿದ್ದೆಯಾ ಅಂತ ಯಾರೋ ಕೇಳಿದಾಗ ಸುಮ್ಮನಿದ್ದ. ಸುಮ್ಮನಿದ್ದದ್ದೇ ಹೂಂ ಆಯಿತು. ಆಗ ಹನ್ನೆರಡನೆಯ ಇಯತ್ತೆಯಲ್ಲಿದ್ದ ಶೀತಲ ಅಪ್ಪನ ಗಾಡಿ ಮಾರಿಸಿದಳು, ಅಪ್ಪನ ಕೈಯನ್ನು ತನ್ನ ತಲೆಯ ಮೇಲೆ ಇಡಿಸಿಕೊಂಡು ಇನ್ನು ಮೇಲೆ ಕುಡಿಯುವುದಿಲ್ಲ ಅಂತ ಆಣೆ ಮಾಡಿಸಿದಳು. ಅವನು ಆಣೆ ಮಾಡಿದ. ಲಗಮಣ್ಣ ಅಲ್ಲೇ ನಿಂತಿದ್ದ, ಕಂಬಕ್ಕೆ ಒರಗಿ. ಟ್ಯೂಬಿನ ಗೋಂದು ತಂದು ಆ ಚಕ್ಕೆಯನ್ನು ಅಂಟಿಸಲು ಎರಡು ರಾತ್ರಿ ಹೆಣಗಿದ್ದನ್ನೂ ಅವನು ಮರೆತಿಲ್ಲ. ಅದು ಹಿಡಿಯಲಿಲ್ಲ, ಅವನ ಬೆರಳುಗಳೇ ಒಂದಕ್ಕೊಂದು ಅಂಟಿಕೊಂಡವು.

ನೀರಿನ ಅಂಚಿಗೆ ಬಂದ. ಈ ಅಂಚಿನಲ್ಲಿ ತಮ್ಮನಿಲ್ಲ, ಅವ್ವನಿಲ್ಲ, ಊರಿಲ್ಲ. ಬೀರು, ಶೀತಲ ಜೆಟ್ಟಿಯ ಹತ್ತಿರ ಚಹಾ ಕುಡಿದು ಬರುವುದರೊಳಗೆ ಸಮುದ್ರವೊಂದಕ್ಕೇ ಹೇಳಿ, ಬಿಟ್ಟು, ನೀರಿನಲ್ಲಿ ಕಣ್ಣು ಮುಚ್ಚಿ ನಿಂತರೆ ಕಾಲಿಗೆ ಯಾವುದಾದರೂ ಒಂದು ತಾಗುತ್ತದೆ, ಅದನ್ನು ಒಯ್ದು ಜಗಲಿಯ ಮೇಲಿಟ್ಟರೆ ಮುಗಿಯಿತು. ಇಷ್ಟು ಲೆಕ್ಕ ಹಾಕಿಕೊಂಡೇ ಬಂದಿದ್ದ. ಆದರೆ ಈ ನೀರನ್ನು ಲೆಕ್ಕ ಹಾಕಿರಲಿಲ್ಲ. ಅದು ಕೆರೆಯ ಹಾಗೆ ಕೂತಿರಲಿಲ್ಲ, ಹೊಳೆಯ ಹಾಗೆ ಹೋಗುತ್ತಿರಲಿಲ್ಲ. ಅದು ಎದ್ದು ಬರುತ್ತಿತ್ತು. ಬಂದು, ದಂಡೆಯ ಮೇಲೆ ಬಿದ್ದು, ಬಿಳಿಯಾಗಿ, ಹಿಂದೆ ಸರಿಯುತ್ತಿತ್ತು. ಸರಿಯುವಾಗ ಆ ಉದ್ದದ ದಂಡೆಯ ಕಲ್ಲೆಲ್ಲ ಒಮ್ಮೆಲೇ ಅದರ ಬೆನ್ನು ಹತ್ತಿ ಉರುಳುತ್ತಿದ್ದವು. ಸಾವಿರ ಕುರಿಯ ಹಿಂಡು ಗರಸು ದಿಬ್ಬದಿಂದ ಒಮ್ಮೆಲೇ ಇಳಿದರೆ ಅಂಥ ಸದ್ದು ಬಂದೀತು. ಇಳಿದು, ನಿಂತು, ಮತ್ತೆ ಏರಿ, ಮತ್ತೆ ಇಳಿದು. ಯಾರು ಕಾಯುತ್ತಾರೆ ಈ ಹಿಂಡನ್ನು? ಎಂದಿನಿಂದ? ಅವನು ಹುಟ್ಟುವ ಮುಂಚೆ, ಅಜ್ಜ ಹುಟ್ಟುವ ಮುಂಚೆ, ನೋಡುವವರು ಯಾರೂ ಇಲ್ಲದಾಗಲೂ ಇದು ಹೀಗೇ ಇಳಿಯುತ್ತಿತ್ತು, ಏರುತ್ತಿತ್ತು.  ಆಚೆಯ ಗುಡ್ಡದ ಕಡೆ ನೋಡಿದ. ಅಲ್ಲಿ ಬುಡದಲ್ಲಿ ಬಿದ್ದಿದ್ದ ಕಲ್ಲುಗಳು ಬೇರೆಯಿದ್ದವು: ಗುಡ್ಡದಿಂದ ಮೊನ್ನೆ ಮೊನ್ನೆ ಒಡೆದು ಬಿದ್ದವು, ಚೂಪುಚೂಪು, ತಮ್ಮ ಹೊಲದ ಕಲ್ಲಿನ ಹಾಗೆ. ಅಲ್ಲಿಂದ ಈಚೆ ಬಂದ ಹಾಗೆ ಮೂಲೆ ಸವೆದವು, ಇನ್ನೂ ಈಚೆ ಬಂದ ಹಾಗೆ ಅರ್ಧ ದುಂಡಗಾದವು, ತನ್ನ ಕಾಲ ಬುಡದಲ್ಲಿ ಪೂರ್ತಿ ದುಂಡಗಾದವು. ಬಗ್ಗಿ ಒಂದನ್ನು ಎತ್ತಿ ನೋಡಿದ. ಇನ್ನೊಂದನ್ನು ಎತ್ತಿದ. ಹಾಗಾದರೆ ಇವೆಲ್ಲ ಒಡೆದವೇ. ಒಡೆಯದೆ ಇಲ್ಲಿಗೆ ಬಂದದ್ದು ಒಂದೂ ಇಲ್ಲ. ಅಜ್ಜನ ಕಾಲಿಗೆ ಮೂರು ಸಲ ತಾಗಿದ್ದೂ ಎಲ್ಲೋ ಯಾವುದೋ ಗುಡ್ಡದಿಂದ ಒಡೆದು ಬಿದ್ದ ಚೂರೇ. ಯಾರು ಒಡೆದರೋ, ಎಷ್ಟು ಸಿಟ್ಟಿನಿಂದ ಒಡೆದರೋ. ಅವನಿಗೆ ಹೆದರಿಕೆಯೂ ಅಲ್ಲದ, ಸಮಾಧಾನವೂ ಅಲ್ಲದ ಏನೋ ಒಂದು ಎದೆಯಲ್ಲಿ ತುಂಬಿತು.

ಕೂತು, ಚೀಲ ಬಿಚ್ಚಿ, ಕಂಬಳಿಯ ತುಂಡಿನಿಂದ ದೇವರನ್ನು ಹೊರಗೆ ತೆಗೆದು ಒದ್ದೆ ಕಲ್ಲುಗಳ ಮೇಲಿಟ್ಟ. ಮುಕ್ಕು ಮೇಲೆ ಮಾಡಿ ಇಟ್ಟ, ಆರು ವರ್ಷದಲ್ಲಿ ಮೊದಲ ಸಲ. ಜೇಬಿನ ಪುಡಿಕೆಯಿಂದ ಭಂಡಾರ ತೆಗೆದು ಹಚ್ಚಿದ. ಈಗ ಹೇಳಬೇಕು. "ಯಪ್ಪಾ ಬೀರಪ್ಪ," ಅಂದ.  ಜಗಳಕ್ಕೆ ನಿಂತರೆ ಹತ್ತು ಜನರನ್ನು ಒಬ್ಬನೇ ಅಡಗಿಸುವ ಬಾಯಿ, ಒಂದು ಕಲ್ಲಿನ ಮುಂದೆ ಅಷ್ಟಕ್ಕೇ ನಿಂತಿತು. ಅಷ್ಟರಲ್ಲಿ ಹಿಂದೆ ಕಲ್ಲು ಜಾರಿದ ಸದ್ದು, "ಯಣ್ಣಾ," ಎಂದು ಬೀರುವಿನ ಕೂಗು. ತಿರುಗಿ ನೋಡಿದರೆ ಅವನು ಚಹಾ ಬಿಟ್ಟು ಇಲ್ಲಿತನಕ ಬಂದು, ಕೋಲುಗಾಲು ಕಲ್ಲಿನಲ್ಲಿ ಹುಗಿದು, ಮಗ್ಗುಲಾಗಿ ಬೀಳುತ್ತಿದ್ದ. ಲಗಮಣ್ಣ ಎದ್ದು ಹಾರಿ ಅವನ ರಟ್ಟೆ ಹಿಡಿದ. ಹಿಡಿದು ಕೂರಿಸಿದ. "ನಿನಗ ಯಾರ್ ಬಾ ಅಂದಾರಲೇ ಇಲ್ಲಿ? ಒಂದ ಕಡಿ ಕುಂಡಿ ಊರಿ ಕುಂದರಾಕ ಬರಾಂಗಿಲ್ಲೇನು?" ಅಂತ ಬೈದ. ಬೈಯುತ್ತಿದ್ದಾಗಲೇ ತೆರೆ ಬಂತು. ಬರುತ್ತಿದ್ದ ತೆರೆಗಳಿಗಿಂತ ಒಂದು ಮೊಳ ದೊಡ್ಡದು. ಇಬ್ಬರ ಸೊಂಟದ ತನಕ ತೋಯಿಸಿ, ಚಪ್ಪಲಿ ಎತ್ತಿ ಅತ್ತ ಒಗೆದು, ಹಿಂದೆ ಸರಿಯಿತು. ಹಿಂಡು ಉರುಳಿತು.

ದೇವರಿರಲಿಲ್ಲ. ಅಂದರೆ, ಇದ್ದ, ಎಲ್ಲಿ ನೋಡಿದರೂ ಇದ್ದ. ಅರಿಷಿಣ ತೊಳೆದುಹೋಗಿ, ಕರ್ರಗೆ, ದುಂಡಗೆ, ಹತ್ತಾಗಿ, ನೂರಾಗಿ, ಲಕ್ಷವಾಗಿ ಬಿದ್ದಿದ್ದ. ಲಗಮಣ್ಣ ಮಂಡಿಯೂರಿ ಹುಡುಕತೊಡಗಿದ. ನೀರಿಗೆ ಬಿಡಬೇಕೆಂದು ತಂದದ್ದು ನೀರಿಗೇ ಹೋಗಿತ್ತು, ಇನ್ನು ಹುಡುಕುವುದೇನು ಅಂತ ಮನಸ್ಸಿನ ಒಂದು ಮೂಲೆ ಕೇಳಿತು. ಆದರೆ ಅವನು ಬಿಟ್ಟಿರಲಿಲ್ಲ. ಅವನು ಹೇಳಿರಲಿಲ್ಲ. ಹೇಳದೆ ಹೋದದ್ದು ಹೋದ ಹಾಗಲ್ಲ, ಅದು ಓಡಿಹೋದ ಹಾಗೆ. ಕೈಗೆ ಸಿಕ್ಕಿದ್ದನ್ನು ಎತ್ತಿ ತಿರುಗಿಸಿ, ಮುಕ್ಕಿಲ್ಲವೆಂದು ಕಂಡು, ಹಿಂದೆ ಒಗೆದ. ಒಗೆದದ್ದು ಕೈಗೆ ಗೊತ್ತಾಗಿ ನಾಚಿಕೆಯಾಯಿತು. ಮುಂದಿನದನ್ನು ಮೆಲ್ಲಗೆ ಇಟ್ಟ.

"ಏನ್ ಹುಡಕ್ಲಾಕತ್ತೀ?" ಅಂದ ಬೀರು. ಆಮೇಲೆ ಬಿಚ್ಚಿದ ಚೀಲ, ತೋಯ್ದ ಕಂಬಳಿಯ ತುಂಡು, ಅದಕ್ಕೆ ಹತ್ತಿದ್ದ ಹಳದಿ ನೋಡಿದ. ಅವನ ಮೋರೆಯ ನಗೆ ಹೋಯಿತು. "ಯಣ್ಣಾ. ಅದನ್ನ ಇಲ್ಲಿಗಿ ತಂದಿದ್ದೇನು?"

"ಬಾಯಿ ಮುಚ್ಚು. ಹುಡುಕು."

ಜೆಟ್ಟಿಯ ಕಡೆಯಿಂದ ಶೀತಲ ಓಡುತ್ತ ಬಂದಳು, ಕೊರಳಲ್ಲಿ ಟಿಕೀಟಿನ ಯಂತ್ರ ಕುಣಿಯುತ್ತಿತ್ತು. ಬೋಟು ತುಂಬುತ್ತಿದೆ, ತಾನು ಹೊರಡಬೇಕು, ಇವರಿಬ್ಬರೂ ನೀರಿಗೆ ಬಿದ್ದರೇನು ಎಂದು ಗಾಬರಿಯಾಗಿ ಬಂದವಳು, ದೊಡ್ಡಪ್ಪ ನಾಲ್ಕು ಕಾಲಿನ ಮೇಲೆ ಕಲ್ಲು ಹೆಕ್ಕುತ್ತಿರುವುದನ್ನು ನೋಡಿ ನಿಂತಳು. "ಏನ್ ಬಿದ್ದೈತ್ರಿ? ಮೊಬೈಲಾ?"

"ದೇವರು," ಅಂದ ಲಗಮಣ್ಣ.

"ಯಾ ದೇವರ್ರಿ?"

"ಮನಿ ದೇವರು. ಜಗಲಿದು."

ಅವಳು ನಗಲಿಲ್ಲ. ಆ ಜಗಲಿಗೆ ಅವಳೂ ದಿನಾ ಕೈ ಮುಗಿದು ಸಾಲಿಗೆ ಹೋದವಳು. ಟಿಕೀಟಿನ ಯಂತ್ರವನ್ನು ಬೆನ್ನಿಗೆ ಸರಿಸಿ ಬಗ್ಗಿದಳು. "ಎಲ್ಲಾ ಒಂದ ನಮೂನಿ ಅದಾವಲ್ರಿ ದೊಡಪ್ಪ. ಗುರುತೇನು?"

"ಒಂದ ಮಗ್ಗಲ ಮುಕ್ಕಾಗೈತಿ."

"ಮುಕ್ಕಾಗೈತಿ?" ಅವಳು ತಲೆಯೆತ್ತಿದಳು. "ನಮ್ಮ ದೇವರು ಯಾವಾಗ ಮುಕ್ಕಾತು? ಹೆಂಗ ಮುಕ್ಕಾತ್ರಿ?"

ಬೀರು ಕೂತಲ್ಲಿಂದ, "ಶೀತಲಾ, ನಿನ್ನ ಬೋಟು ಹೊಂಟೀತು ನೋಡು. ಹೋಗು. ಡ್ರೈವರ್ ಕಾಯ್ತಾನ," ಅಂದ. "ಯಣ್ಣಾ, ಬಿಡು. ಹೋದದ್ದು ಹೋತು."

ಲಗಮಣ್ಣ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟ. ತಮ್ಮನಿಗೆ ಹೋದದ್ದು ಹೋಗಿತ್ತು, ಅಷ್ಟು ಸುಲಭವಾಗಿ. ಇನ್ನೊಂದು ಮಾತು ಬೇಡ, ತೆರೆಯೇ ಎಲ್ಲ ಮುಗಿಸಿಕೊಟ್ಟಿದೆ, ಮನೆಯಲ್ಲಿ ಹಿತ್ತಲಿನ ಕಲ್ಲು ಇದ್ದೇ ಇದೆ. ಮತ್ತೊಂದು ತೆರೆ ಬಂತು, ಸರಿಯಿತು. ಉರುಳಿದ ಕಲ್ಲುಗಳು ಒಂದೊಂದಾಗಿ ನಿಂತು, ಆ ಸದ್ದು ದಂಡೆಯ ಉದ್ದಕ್ಕೂ ಹೋಗಿ ಗುಡ್ಡದ ಬುಡದಲ್ಲಿ ಆರಿ, ಒಂದು ಕ್ಷಣ ಎಲ್ಲೂ ಯಾವ ಸದ್ದೂ ಇರಲಿಲ್ಲ. ಆ ಕ್ಷಣಕ್ಕೆ ಅವೆಲ್ಲ, ಆ ಲಕ್ಷವೂ, ಅವನ ಕಡೆಗೆ ಮುಖ ಮಾಡಿ ಕೂತಂತೆ ಕಂಡಿತು. ಗೋಡೆಯ ಕಡೆಗೆ ತಿರುಗಿದ್ದು ಒಂದೂ ಇರಲಿಲ್ಲ. ಗೋಡೆಯೇ ಇರಲಿಲ್ಲ.

"ನಾ ಒಗದೆ," ಅಂದ. ದನಿ ತನ್ನದಲ್ಲ ಅನಿಸಿತು. "ಸಿಟ್ಟಿಗೆ ಬಂದು ಜಗಲಿ ಮ್ಯಾಲಿಂದ ಎತ್ತಿ ನಿಮ್ಮಪ್ಪಗ ಒಗದೆ. ಮೊಣಕಾಲಿಗೆ ಬಿತ್ತು. ಅವ ಗಾಡಿ ಮ್ಯಾಲಿಂದ ಬಿದ್ದಿಲ್ಲ, ತಂಗಿ. ಅವ ಕುಡದಿಲ್ಲ. ಯಾವತ್ತೂ ಕುಡದಿಲ್ಲ."

 ಶೀತಲಳ ಬೂಟಿನ ಮೇಲೆ ನೊರೆ ಬಂದು ಹೋಯಿತು. ಅವಳು ಅಪ್ಪನ ಕಡೆಗೆ ತಿರುಗಿ, "ಖರೇ ಏನ್ ಯಪ್ಪಾ?" ಅಂದಳು.

"ಅವ ಮೊದಲಿಂದ ಸಿಟ್ಟಿನವ. ನಿನಗೇನ್ ಗೊತ್ತಿಲ್ಲೇನು?"

"ನಾ ಕೇಳಿದ್ದಕ್ಕ ಹೇಳು."

"ಖರೇ," ಅಂದ ಬೀರು. ತನ್ನದೇ ತಪ್ಪು ಒಪ್ಪಿಕೊಂಡವನ ಹಾಗೆ ತಲೆ ತಗ್ಗಿಸಿದ. "ಭಿನ್ನ ದೇವರ ಮನಿ ಅಂತ ಊರಾಗ ಹೆಸರಾದರ ನಿನ್ನ ಯಾರ್ ಮಾಡ್ಕೋತಿದ್ರವ್ವ? ಅವ್ವ ತಡಕೋತಿದ್ದಳೇನು? ಕುಡದ ಬಿದ್ದಾನ ಅಂದ್ರ ನಾಕ ದಿನ ನಗತಾರ, ಬಿಡತಾರ. ಹಂಗಂತ ಸುಮ್ಮ ಆದೆ."

"ನಾಕ ದಿನ," ಅಂದಳು ಶೀತಲ. "ಎರಡ ವರ್ಷ ನಾ ನಿನ್ನ ಮಾರಿ ನೋಡಿ ಉಂಡಿಲ್ಲ. ನಿನ್ನ ಕೈ ನನ್ನ ತಲಿ ಮ್ಯಾಲ ಇಡಿಸ್ಕೊಂಡೆ. ಬಿಡ್ತೀನಿ ಅಂದಿ. ಏನ್ ಬಿಡ್ತೀನಿ ಅಂದಿ ನೀ?" ಅವಳ ದನಿ ಏರಿರಲಿಲ್ಲ. ಆಮೇಲೆ ದೊಡ್ಡಪ್ಪನ ಕಡೆ ನೋಡಿದಳು. ಲಗಮಣ್ಣ ಮಂಡಿಯ ಮೇಲೇ ಇದ್ದ, ತೋಯ್ದ ಧೋತರದಲ್ಲಿ, ಅವಳು ಅವನಿಗಿಂತ ಎತ್ತರದಲ್ಲಿ ನಿಂತಿದ್ದಳು. ಅವಳು ಒದ್ದರೂ ಒದೆಸಿಕೊಳ್ಳುವುದು ಅಂದುಕೊಂಡ. "ಅಲ್ಲೇ ಕಂಬಕ್ಕ ಒರಗಿ ನಿಂತಿದ್ದಿರಲ್ರಿ ದೊಡಪ್ಪ," ಅಂದಳು. ಅಷ್ಟೇ ಅಂದಳು. ಅವನು ನಿಂತಿದ್ದ ಜಾಗ ಅವಳಿಗೆ ನೆನಪಿತ್ತು.

ಬೋಟು ಕೂಗಿತು. ಎದೆಯೊಳಗಿನ ಎಲುಬು ನಡುಗುವಂಥ ಕೂಗು. ಶೀತಲ ತಿರುಗಿ ನಡೆದಳು, ಓಡಲಿಲ್ಲ. ಕಲ್ಲುಗಳು ಅವಳ ಬೂಟಿನ ಕೆಳಗೆ ಕಟಕಟ ಅನ್ನುತ್ತ ಹೋದವು. ಬಸ್ಸು ಹಿಂದೆ ಹಿಂದೆ ಸರಿದು ಕಬ್ಬಿಣದ ಬಾಯೊಳಗೆ ಹೋದದ್ದು, ಸರಪಳಿ ಸುತ್ತಿಕೊಂಡು ಬಾಯಿ ಮುಚ್ಚಿದ್ದು, ಅಷ್ಟೊಂದು ಭಾರ ದಡ ಬಿಟ್ಟು ಒಂದು ಗರಿಯ ಹಾಗೆ ತಿರುಗಿದ್ದು, ಲಗಮಣ್ಣ ಎಲ್ಲವನ್ನೂ ಮಂಡಿಯ ಮೇಲೆ ಕೂತೇ ನೋಡಿದ. ಬೋಟು ದಂಡೆಯ ಎದುರಿಗೆ ಬಂದಾಗ ಬಸ್ಸಿನಿಂದ ಇಳಿದು ಅಂಚಿನ ಕಟಾಂಜನದ ಕಂಬಿಗೆ ಬಂದು ನಿಂತ ಶೀತಲಳ ಖಾಕಿ ಕಂಡಿತು. ಅವಳು ಕೈ ಬೀಸಲಿಲ್ಲ. ಬಲಗೈಯನ್ನು ಎತ್ತಿ ತನ್ನ ತಲೆಯ ಮೇಲೆ ಇಟ್ಟುಕೊಂಡಳು, ಅಂದು ಅಪ್ಪನ ಕೈಯನ್ನು ಇಡಿಸಿಕೊಂಡ ಹಾಗೆ, ಇಟ್ಟುಕೊಂಡು ಹಾಗೆಯೇ ನಿಂತಳು. ಬೋಟು ಸಣ್ಣದಾಗುವ ತನಕ. ಅದು ಲಗಮಣ್ಣನಿಗಲ್ಲ, ಅವಳ ಅಪ್ಪನಿಗೆ ಅಂತ ಅವನಿಗೆ ಗೊತ್ತಿತ್ತು. ತನಗಲ್ಲದ್ದನ್ನು ನೋಡಬಾರದೆಂದು ಕಣ್ಣು ತಗ್ಗಿಸಿದ. ಪಕ್ಕದಲ್ಲಿ ಬೀರು ಅಳುತ್ತಿದ್ದ, ಸದ್ದಿಲ್ಲದೆ, ಮೂಗಿನಿಂದ.

ಅಳು ಮುಗಿದ ಮೇಲೆ ಬೀರು ಟೋಪಿಯಿಂದ ಮೋರೆ ಒರೆಸಿಕೊಂಡು, "ಸಿಕ್ಕಿತೇನು?" ಅಂದ.

"ಇಲ್ಲ."

"ಮತ್ತ ಜಗಲಿ ಮ್ಯಾಲ ಈಗೇನೈತಿ?"

"ಹಿತ್ತಲ ಕಲ್ಲು ಇಟ್ಟ ಬಂದೀನಿ. ಬಚ್ಚಲದ ಬಾಜೂಕ ಇತ್ತಲ್ಲ, ಅದು."

"ನಾಯಿ ಕಾಲ ಎತ್ತತಿತ್ತಲ್ಲ, ಅದ?" ಬೀರು ಅವನನ್ನೇ ನೋಡಿದ. "ಅವ್ವ ಅದಕ್ಕ ಕೈ ಮುಗೀಲಾಕತ್ತಾಳೇನು?" ಅವನ ಹೊಟ್ಟೆ ಅಲುಗಿತು. ಅದೇ ನಗೆ. ಲಗಮಣ್ಣ ಕಾದ, ಸಿಟ್ಟು ಬರಲೆಂದು, ಅಂಗಾಲಿನಿಂದ ಏಳಲೆಂದು. ನೀರು ಇಳಿದಿತ್ತು, ಅಂಗಾಲು ಕಾದ ಕಲ್ಲಿನ ಮೇಲೆ ಸುಡುತ್ತಿತ್ತು, ಬೇರೇನೂ ಏಳಲಿಲ್ಲ.

"ನೀರಾಗ ನಿಂದ್ರು, ಕಣ್ಣ ಮುಚ್ಚು," ಅಂದ ಬೀರು. "ಅಜ್ಜಗ ಬಂದಂಗ ಬಂದೀತು."

ಲಗಮಣ್ಣ ನೀರನ್ನು ನೋಡಿದ. ಕಾಲಿಗೆ ತಾಗುವುದಕ್ಕೆ ಅಲ್ಲಿ ಏನೂ ಕೊರತೆಯಿರಲಿಲ್ಲ. ನಿಂತರೆ ಮೂರು ಸಲ ಅಲ್ಲ, ಮುನ್ನೂರು ಸಲ ತಾಗುತ್ತವೆ. "ಬ್ಯಾಡ," ಅಂದ. "ಹೋಗಿ ಆ ಹಿತ್ತಲ ಕಲ್ಲನೂ ತಗೀತೀನಿ."

"ಅವ್ವ ಕೇಳ್ತಾಳ."

"ಹೇಳ್ತೀನಿ."

"ಚನ್ನವ್ವ ಅತ್ತಿಗಿ ಕೇಳ್ತಾಳ. ಊರ್ ಕೇಳ್ತೈತಿ."

"ಕೇಳಿದಾಗೊಮ್ಮ ಹೇಳ್ತೀನಿ. ಸುಮ್ಮ ಏಳೋ ಈಗ, ಕುಂಡಿ ಸುಡತೈತಿ ನಿಂದು."

"ಎಬ್ಬಿಸು, ಹಂಗಾರ," ಅಂದು ಬೀರು ಕೈ ಚಾಚಿದ. ಆರು ವರ್ಷದಲ್ಲಿ ಅವನು ಅಣ್ಣನಿಗೆ ಕೈ ಚಾಚಿದ್ದಿಲ್ಲ, ಗೋಡೆ ಹಿಡಿದು, ಕೋಲು ಹಿಡಿದು, ತಾನಾಗಿ ಏಳುತ್ತಿದ್ದ. ಲಗಮಣ್ಣ ಆ ಕೈ ಹಿಡಿದು ಎಳೆದು, ತಮ್ಮನ ರಟ್ಟೆಯನ್ನು ತನ್ನ ಕೊರಳಿಗೆ ಹಾಕಿಕೊಂಡ. ಭಾರವಿತ್ತು. ದೇವರಿಲ್ಲದ ಚೀಲ ಇನ್ನೊಂದು ಹೆಗಲಿನಲ್ಲಿ ತೋಯ್ದು ಜೋತಾಡುತ್ತಿತ್ತು. ಚಪ್ಪಲಿ ಒಂದು ಸಿಕ್ಕಿತು, ಇನ್ನೊಂದು ಸಮುದ್ರಕ್ಕೆ ಹೋಗಿತ್ತು; ಸಿಕ್ಕ ಒಂದನ್ನೂ ಅಲ್ಲೇ ಬಿಟ್ಟ. ಜೆಟ್ಟಿಯ ಗೋಡೆ ಇನ್ನೂ ದೂರವಿತ್ತು, ನಡುವೆ ಬರೀ ಕಲ್ಲು, ಬಿಸಿಲಿಗೆ ಕಾದದ್ದು. ಅದರಲ್ಲಿ ಯಾವುದು ಯಾವುದೆಂದು ಇನ್ನು ಗೊತ್ತಾಗುವಂತಿರಲಿಲ್ಲ. ಅವನು ಒಂದೊಂದರ ಮೇಲೂ ಅಪ್ಪಣೆ ಕೇಳಿದ ಹಾಗೆ ಪಾದ ಊರಿದ. ಒಂದೊಂದೂ ಕಟಕ್ ಎಂದು ಜಾರಿ, ಇಬ್ಬರ ಭಾರವನ್ನು ತೂಗಿ ನೋಡಿ, ನಿಂತಿತು.